ವಾರ್ಡಿನ ಗೋಳು ನಗರಸಭೆಯ ನಿರ್ಣಯ ಆಗುವುದು ಹೇಗೆ?

ಸಣ್ಣ ನಗರಗಳಲ್ಲಿ ಊರಿನ ಸಮಸ್ಯೆಗಳ ಬಗ್ಗೆ ಮಾತಿಗೆ ಎಂದೂ ಬರವಿಲ್ಲ. ಹೂಳು ತುಂಬಿದ ಚರಂಡಿ, ತಿಂಗಳಿಂದ ಉರಿಯದ ಬೀದಿದೀಪ, ಪೈಪ್ ಹಾಕಲು ಅಗೆದು ಹಾಗೇ ಬಿಟ್ಟ ರಸ್ತೆ, ಯಾವಾಗ ಬರುತ್ತದೆಂದು ತಿಳಿಯದ ನಲ್ಲಿ ನೀರು: ಇವೆಲ್ಲ ಹೋಟೆಲಿನಲ್ಲಿ, ವಾರ್ಡಿನ ವಾಟ್ಸ್ಆ್ಯಪ್ ಗುಂಪಿನಲ್ಲಿ, ಪತ್ರಿಕೆಯ ಜಿಲ್ಲಾ ಪುಟದಲ್ಲಿ ದಿನವೂ ಚರ್ಚೆಯಾಗುತ್ತವೆ. ಆದರೂ ಮರುವರ್ಷದ ಮಳೆಗೆ ಅದೇ ಚರಂಡಿ ಉಕ್ಕಿ ಅದೇ ಮನೆಗಳಿಗೆ ನೀರು ನುಗ್ಗುತ್ತದೆ. ಅಧಿಕಾರಿಗಳ ಉದಾಸೀನ, ಸದಸ್ಯರ ನಿರ್ಲಕ್ಷ್ಯ ಎಂದು ನಾವು ಕಾರಣ ಹೇಳಿಕೊಳ್ಳುತ್ತೇವೆ. ಅದರಲ್ಲಿ ನಿಜವೂ ಇದೆ. ಆದರೆ ನಾಳೆ ಬೆಳಿಗ್ಗೆ ನೀವು ಏನು ಮಾಡಬೇಕು ಎಂಬುದನ್ನು ಆ ಉತ್ತರ ಹೇಳಿಕೊಡುವುದಿಲ್ಲ. ಈ ಲೇಖನದ ವಾದ ಇಷ್ಟೇ: ನಗರಸಭೆ ಕೆಲಸ ಮಾಡುವುದು ಕಡತದ ಮೇಲೆ. ಯಾವ ಸಮಸ್ಯೆಗೆ ಹೊಣೆಗಾರ ಅಧಿಕಾರಿ, ಸ್ವೀಕೃತಿ ಸಂಖ್ಯೆ ಮತ್ತು ಬಜೆಟ್ಟಿನಲ್ಲಿ ಜಾಗ ಈ ಮೂರೂ ಸಿಗುತ್ತವೋ ಆ ಸಮಸ್ಯೆ ಮುಂದೆ ಸಾಗುತ್ತದೆ. ಸುದ್ದಿಯಾಗಿ ಮಾತ್ರ ಉಳಿದದ್ದು ಮುಂದಿನ ಸುದ್ದಿ ಬಂದ ದಿನ ಮರೆತುಹೋಗುತ್ತದೆ.

ಹಿನ್ನೆಲೆ: ಸಣ್ಣ ನಗರದ ವಿಶೇಷ ಕಷ್ಟ

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಗಳ ಸ್ಥಳೀಯ ಸಂಸ್ಥೆಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. ರಸ್ತೆ, ನೀರು, ನೈರ್ಮಲ್ಯ, ಬೀದಿದೀಪ, ಉದ್ಯಾನ ಸೇರಿ ಅವುಗಳಿಗೆ ವಹಿಸಬಹುದಾದ 18 ವಿಷಯಗಳನ್ನು 12ನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅದೇ ತಿದ್ದುಪಡಿಯ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಮಂಡ್ಯದ ಜನಸಂಖ್ಯೆ ಸುಮಾರು 1.37 ಲಕ್ಷ, ಚಿಕ್ಕಮಗಳೂರಿನದು ಸುಮಾರು 1.18 ಲಕ್ಷ, ಶಿರಸಿಯದು 60 ಸಾವಿರ ದಾಟಿತ್ತು. ಇಂಥ ಊರುಗಳು ಆ ಕಡ್ಡಾಯದ ಹೊರಗೆ ಉಳಿದವು. ಹಳ್ಳಿಯವರಿಗೆ ಗ್ರಾಮಸಭೆ ಇದೆ, ಮಹಾನಗರದವರಿಗೆ ಕಾಗದದ ಮೇಲಾದರೂ ವಾರ್ಡ್ ಸಮಿತಿ ಇದೆ. 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯಡಿ ನಡೆಯುವ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳ ನಿವಾಸಿಗೆ ಅಂಥ ಸಿದ್ಧ ವೇದಿಕೆ ಕಡಿಮೆ. ಅರ್ಜಿ, ಸಾಮಾನ್ಯ ಸಭೆ, ಬಜೆಟ್ ಪೂರ್ವಭಾವಿ ಸಭೆ, ಮಾಹಿತಿ ಹಕ್ಕು ಎಂಬ ನಾಲ್ಕು ಬಾಗಿಲುಗಳನ್ನು ಅವರು ಸರಿಯಾಗಿ ಬಳಸಬೇಕಾದುದು ಇದಕ್ಕೇ.

ದಾಖಲೆ ಏಕೆ ಕೆಲಸ ಮಾಡುತ್ತದೆ?

ಒಂದು ಚರಂಡಿ ಕಾಮಗಾರಿ ನಡೆಯುವ ಬಗೆ ನೋಡಿ. ಮೊದಲು ಕಿರಿಯ ಎಂಜಿನಿಯರ್ ಸ್ಥಳ ನೋಡಿ ಅಂದಾಜು ಪಟ್ಟಿ ಮಾಡಬೇಕು. ಅದು ಕ್ರಿಯಾಯೋಜನೆಗೆ ಸೇರಬೇಕು, ಅನುದಾನ ಗೊತ್ತುಪಡಿಸಬೇಕು, ಅನುಮೋದನೆ ಸಿಗಬೇಕು, ಟೆಂಡರ್ ಆಗಬೇಕು, ಕಾರ್ಯಾದೇಶ ಹೊರಡಬೇಕು. ಕೆಲಸ ಮುಗಿದ ಮೇಲೆ ಅಳತೆ ಪುಸ್ತಕದಲ್ಲಿ ನಮೂದಾಗಿ ಬಿಲ್ ಪಾವತಿಯಾಗಬೇಕು. ಈ ಸರಪಳಿಯ ಯಾವ ಹಂತದಲ್ಲೂ ಬಾಯಿಮಾತಿನ ದೂರಿಗೆ ಸ್ಥಾನವಿಲ್ಲ. ಪತ್ರಿಕೆಯಲ್ಲಿ ಚಿತ್ರ ಬಂದ ದಿನ ಮೇಲಿನಿಂದ ಒತ್ತಡ ಬೀಳುತ್ತದೆ. ಆ ಒತ್ತಡಕ್ಕೆ ಅಂದೇ ಕೊಡಬಹುದಾದ ಉತ್ತರ ಗುಂಡಿಗೆ ಒಂದು ಟ್ರ್ಯಾಕ್ಟರ್ ಜಲ್ಲಿ ಸುರಿಯುವುದು ಮಾತ್ರ, ಏಕೆಂದರೆ ಅದಕ್ಕೆ ಟೆಂಡರ್ ಬೇಕಿಲ್ಲ. ಶಾಶ್ವತ ಪರಿಹಾರಕ್ಕೆ ಮೇಲಿನ ಎಲ್ಲ ಹಂತಗಳೂ ಬೇಕು. ಅರ್ಜಿ ಒಮ್ಮೆ ಟಪಾಲು ವಿಭಾಗದಲ್ಲಿ ನಮೂದಾದರೆ ಅದಕ್ಕೆ ಯಾರಾದರೂ ಉತ್ತರ ಬರೆಯಲೇಬೇಕಾದ ಸ್ಥಿತಿ ಬರುತ್ತದೆ. ಅಧಿಕಾರಿ ವರ್ಗವಾದರೂ ಕಡತ ಉಳಿಯುತ್ತದೆ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಬಂದರೂ ಉಳಿಯುತ್ತದೆ.

"ಸದಸ್ಯರಿಗೆ ಒಂದು ಫೋನ್ ಮಾಡಿದರೆ ಆಗುವ ಕೆಲಸಕ್ಕೆ ಇಷ್ಟೆಲ್ಲ ಏಕೆ?" ಎಂಬ ಆಕ್ಷೇಪ ಸಹಜ. ಸಣ್ಣ ಊರಿನಲ್ಲಿ ಎಲ್ಲರೂ ಪರಿಚಿತರು, ಬಲ್ಬ್ ಬದಲಿಸಲು ಫೋನೇ ಸಾಕು. ಆದರೆ ಫೋನಿನಿಂದ ಕೆಲಸ ಮಾಡಿಸಿಕೊಳ್ಳಲು ಪರಿಚಯ ಬೇಕು. ಬಾಡಿಗೆ ಮನೆಯವರು, ಕೊಳೆಗೇರಿ ನಿವಾಸಿಗಳು, ಬೇರೆ ಊರಿನಿಂದ ದುಡಿಯಲು ಬಂದವರು ಆ ಪರಿಚಯದ ವಲಯದಿಂದ ಹೊರಗೇ ಉಳಿಯುತ್ತಾರೆ. ಪರಿಚಯದಿಂದ ಆದ ಕೆಲಸ ಒಬ್ಬರ ಮನೆ ಮುಂದೆ ನಿಲ್ಲುತ್ತದೆ. ದಾಖಲೆಯಿಂದ ಆದ ಕೆಲಸವನ್ನು ಪಕ್ಕದ ಬೀದಿಯವರೂ ಉಲ್ಲೇಖಿಸಿ ಕೇಳಬಹುದು.

ಹಂತ ಹಂತವಾಗಿ

1. ಸಮಸ್ಯೆ ಯಾವ ಬಗೆಯದು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಊರಿನ ದೂರುಗಳಲ್ಲಿ ಮೂರು ಬಗೆ. ಕೆಟ್ಟ ದೀಪ, ಎತ್ತದ ಕಸ, ಸೋರುವ ಪೈಪು ನಿರ್ವಹಣೆಗೆ ಸೇರಿದವು. ಇವಕ್ಕೆ ಹೊಸ ಹಣ ಬೇಕಿಲ್ಲ. ನಗರಸಭೆಯ ದೂರು ಸಂಖ್ಯೆ, ಪೌರಾಡಳಿತ ನಿರ್ದೇಶನಾಲಯದ 'ಜನಹಿತ' ಆ್ಯಪ್ ಅಥವಾ ರಾಜ್ಯದ 'ಜನಸ್ಪಂದನ' ಸಹಾಯವಾಣಿ 1902 ಬಳಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೊಸ ಚರಂಡಿ, ರಸ್ತೆ, ನೀರಿನ ಟ್ಯಾಂಕ್ ಕಾಮಗಾರಿಗೆ ಸೇರಿದವು. ಇವಕ್ಕೆ ಅರ್ಜಿಯೂ ಬಜೆಟ್ಟೂ ಬೇಕು. ಸಂತೆ ಎಲ್ಲಿ ನಡೆಯಬೇಕು, ವಾಹನ ಎಲ್ಲಿ ನಿಲ್ಲಬೇಕು ಎಂಬಂಥವು ನೀತಿಗೆ ಸೇರಿದವು. ಇವಕ್ಕೆ ಸಭೆಯ ನಿರ್ಣಯವೇ ಬೇಕು. ಖಾತೆ, ಕಟ್ಟಡ ಪರವಾನಗಿಯಂಥ ಸ್ವಂತದ ಕೆಲಸಗಳು ಈ ಮೂರಕ್ಕೂ ಸೇರುವುದಿಲ್ಲ. ಅವಕ್ಕೆ 2011ರ ಸಕಾಲ ಕಾಯ್ದೆ ಇದೆ. ಅರ್ಜಿ ಕೊಟ್ಟಾಗ 15 ಅಂಕಿಯ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರಕ್ಕೆ ಆ ಕಾಯ್ದೆಯಲ್ಲಿ ಅವಕಾಶವಿದೆ.

2. ಕೆಲಸ ಯಾರದ್ದು ಎಂದು ಪತ್ತೆಮಾಡಿ. ಹೆಚ್ಚಿನ ದೂರುಗಳು ಸಾಯುವುದು ಇಲ್ಲೇ. ಊರೊಳಗಿನ ರಸ್ತೆಯೆಲ್ಲ ನಗರಸಭೆಯದಲ್ಲ. ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದೋ ರಾಷ್ಟ್ರೀಯ ಹೆದ್ದಾರಿಯವರದೋ ಆಗಿರಬಹುದು. ದೊಡ್ಡ ನೀರಿನ ಯೋಜನೆ, ಒಳಚರಂಡಿ ಕಾಮಗಾರಿಗಳನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಮಾಡುತ್ತದೆ. ಮುಗಿದ ಮೇಲೆ ನಿರ್ವಹಣೆಗೆ ನಗರಸಭೆಗೆ ಒಪ್ಪಿಸುತ್ತದೆ. ಒಪ್ಪಿಸುವ ಮೊದಲು ಹಾಳಾದದ್ದಕ್ಕೆ ಇಬ್ಬರೂ ಪರಸ್ಪರ ಬೆರಳು ತೋರಿಸುತ್ತಾರೆ. ವಿದ್ಯುತ್ ಕಂಬ, ತಂತಿ ನಿಮ್ಮ ಭಾಗದ ವಿದ್ಯುತ್ ಸರಬರಾಜು ಕಂಪನಿಗೆ (ಎಸ್ಕಾಂ) ಸೇರುತ್ತವೆ, ಕಂಬದ ಮೇಲಿನ ಬೀದಿದೀಪ ನಗರಸಭೆಗೆ. ಹೊಸ ಬಡಾವಣೆಯಾದರೆ ಅದು ನಗರಸಭೆಗೆ ಹಸ್ತಾಂತರವಾಗಿದೆಯೇ ಎಂದು ಮೊದಲು ನೋಡಿ. ಆಗಿಲ್ಲದಿದ್ದರೆ ಹೊಣೆ ಬಡಾವಣೆ ಮಾಡಿದವರದು, ಅನುಮೋದನೆ ಕೊಟ್ಟ ಪ್ರಾಧಿಕಾರವನ್ನು ಕೇಳಬೇಕು. ಕಚೇರಿಯೊಳಗೂ ಹೀಗೇ: ಕಸಕ್ಕೆ ಆರೋಗ್ಯ ನಿರೀಕ್ಷಕರು ಮತ್ತು ಪರಿಸರ ಎಂಜಿನಿಯರ್, ರಸ್ತೆ ಚರಂಡಿಗೆ ಎಂಜಿನಿಯರಿಂಗ್ ವಿಭಾಗ, ತೆರಿಗೆಗೆ ಕಂದಾಯ ವಿಭಾಗ. ಅರ್ಜಿಯನ್ನು ಮಾತ್ರ ನಗರಸಭೆಯಲ್ಲಿ ಪೌರಾಯುಕ್ತರ ಹೆಸರಿಗೆ, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗಳ ಹೆಸರಿಗೆ ಬರೆಯಿರಿ.

3. ಪುರಾವೆ ಕೂಡಿಸಿ. 'ರಸ್ತೆ ಹದಗೆಟ್ಟಿದೆ' ಎಂಬ ವಾಕ್ಯದ ಮೇಲೆ ಎಂಜಿನಿಯರ್ ಏನನ್ನೂ ಅಂದಾಜು ಮಾಡಲಾರರು. ಯಾವ ಅಡ್ಡರಸ್ತೆ, ಎಲ್ಲಿಂದ ಎಲ್ಲಿಯವರೆಗೆ, ಸುಮಾರು ಎಷ್ಟು ಮೀಟರ್, ಯಾವ ತಿಂಗಳಿನಿಂದ, ಎಷ್ಟು ಮನೆಗಳಿಗೆ ತೊಂದರೆ, ಹತ್ತಿರ ಶಾಲೆ ಅಥವಾ ಅಂಗನವಾಡಿ ಇದೆಯೇ: ಇಷ್ಟಿದ್ದರೆ ನಿಮ್ಮ ಅರ್ಜಿಯೇ ಅರ್ಧ ಅಂದಾಜು ಪಟ್ಟಿ. ದಿನಾಂಕ ಕಾಣುವ ಮೂರು ನಾಲ್ಕು ಫೋಟೊ ಸಾಕು. ಮಳೆಗಾಲದ ಸಮಸ್ಯೆಯನ್ನು ಮಳೆ ಬರುತ್ತಿರುವಾಗಲೇ ಚಿತ್ರೀಕರಿಸಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಒಣಗಿದ ಚರಂಡಿ ತೋರಿಸಿ ಪ್ರವಾಹದ ಕಥೆ ಹೇಳಿದರೆ ನಂಬಿಸುವುದು ಕಷ್ಟ.

4. ಒಂದು ಅರ್ಜಿ, ಒಂದು ವಿಷಯ, ಒಂದು ಬೇಡಿಕೆ. ಹತ್ತು ಸಮಸ್ಯೆ ತುಂಬಿದ ಮನವಿ ಪತ್ರ ಹತ್ತು ಮೇಜು ಸುತ್ತುತ್ತದೆ, ಯಾರ ಕೈಯಲ್ಲೂ ಮುಗಿಯುವುದಿಲ್ಲ. ಹೀಗೆ ಬರೆಯಬಹುದು:

*ವಿಷಯ: ವಾರ್ಡ್ ಸಂಖ್ಯೆ ___, ___ ಅಡ್ಡರಸ್ತೆಯ ಚರಂಡಿಯ ಹೂಳು ತೆಗೆಸಿ, ಕುಸಿದ ಭಾಗ ಮರುನಿರ್ಮಿಸುವ ಕುರಿತು.*
*ಮಾನ್ಯರೇ, ಮೇಲ್ಕಂಡ ಚರಂಡಿಯು ___ರಿಂದ ___ವರೆಗೆ ಸುಮಾರು ___ ಮೀಟರ್ ಉದ್ದ ಹೂಳು ತುಂಬಿ, ಎರಡು ಕಡೆ ಕುಸಿದಿದೆ. ಕಳೆದ ಮಳೆಗಾಲದಲ್ಲಿ ___ ಮನೆಗಳಿಗೆ ನೀರು ನುಗ್ಗಿದೆ (ಫೋಟೊ ಲಗತ್ತಿಸಿದೆ). ಮುಂಗಾರಿಗೆ ಮೊದಲು ಹೂಳು ತೆಗೆಸಬೇಕು ಹಾಗೂ ಮರುನಿರ್ಮಾಣಕ್ಕೆ ಅಂದಾಜು ಪಟ್ಟಿ ತಯಾರಿಸಿ ಮುಂದಿನ ಕ್ರಿಯಾಯೋಜನೆಗೆ ಸೇರಿಸಬೇಕೆಂದು ಕೋರುತ್ತೇವೆ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ.*

ಕೊನೆಯ ವಾಕ್ಯವನ್ನು ಬಿಡಬೇಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಹಿ ಹಾಕುವವರಲ್ಲಿ ಆ ಬೀದಿಯ ಎಲ್ಲ ಬಗೆಯ ಜನರಿರಲಿ. ಹೆಂಗಸರು, ಬಾಡಿಗೆದಾರರು, ಅಂಗಡಿಯವರು ಎಲ್ಲರೂ ಸೇರಿದರೆ ಅದು ಒಬ್ಬರ ಜಗಳವಾಗಿ ಕಾಣುವುದಿಲ್ಲ.

5. ವಾರ್ಡ್ ಸದಸ್ಯರನ್ನು ಜೊತೆಗೆ ಕರೆದುಕೊಳ್ಳಿ. ಅರ್ಜಿಯ ಪ್ರತಿಯನ್ನು ಅವರಿಗೂ ಕೊಟ್ಟು, ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯ ಎತ್ತುವಂತೆ ಕೇಳಿ. ಸಭೆಯಲ್ಲಿ ಕೂಗಾಡಿದ್ದು ಪತ್ರಿಕೆಗೆ ಸುದ್ದಿ. ನಡಾವಳಿಯಲ್ಲಿ ದಾಖಲಾದ ನಿರ್ಣಯ ಮಾತ್ರ ಅಧಿಕಾರಿಗೆ ಆದೇಶ. ವಿಷಯ ಕಾರ್ಯಸೂಚಿಯಲ್ಲಿ ಇದೆಯೇ, ನಡಾವಳಿಯಲ್ಲಿ ಏನು ಬರೆದಿದೆ ಎಂಬ ಎರಡನ್ನೂ ವಿಚಾರಿಸಿ. ಆ ಕ್ಷೇತ್ರದ ಶಾಸಕರು, ಸಂಸದರೂ ನಗರಸಭೆಯ ಸದಸ್ಯರೇ ಎಂಬುದು ನೆನಪಿರಲಿ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಅರ್ಜಿಯ ಪ್ರತಿ ಆಡಳಿತಾಧಿಕಾರಿಗೆ ಮತ್ತು ಜಿಲ್ಲಾಧಿಕಾರಿ ಕಚೇರಿಯ ಜಿಲ್ಲಾ ನಗರಾಭಿವೃದ್ಧಿ ಕೋಶಕ್ಕೆ ಹೋಗಲಿ.

6. ಬಜೆಟ್ಟಿನ ಕಾಲ ತಪ್ಪಿಸಬೇಡಿ. ಆರ್ಥಿಕ ವರ್ಷ ಶುರುವಾಗುವುದು ಏಪ್ರಿಲ್ 1ಕ್ಕೆ. ಅದಕ್ಕೂ ಮುಂಚಿನ ಚಳಿಗಾಲದ ತಿಂಗಳುಗಳಲ್ಲಿ ನಗರಸಭೆಗಳು ಸಾರ್ವಜನಿಕರ ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ. ಜೂನ್ ತಿಂಗಳಿನಲ್ಲಿ ಕೇಳಿದ ಹೊಸ ಚರಂಡಿಗೆ ಆ ವರ್ಷದ ಹಣ ಆಗಲೇ ಹಂಚಿಹೋಗಿರುತ್ತದೆ. ಅದನ್ನೇ ಹಿಂದಿನ ಡಿಸೆಂಬರಿನಲ್ಲಿ ಕೇಳಿದ್ದರೆ ಸೇರಿಸಲು ಜಾಗವಿರುತ್ತಿತ್ತು. ಸಭೆಗೆ ಹೋಗುವಾಗ ಹಣದ ಮೂಲಗಳ ಅರಿವಿರಲಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಇಂಥ ನಗರಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡಾ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ನಗರಸಭೆಯ ನಿಧಿಯಲ್ಲಿ ಶೇಕಡಾ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇಕಡಾ 7.25 ಇತರ ಬಡವರಿಗೆ, ಶೇಕಡಾ 5 ಅಂಗವಿಕಲರಿಗೆ ಎಂದು ತೆಗೆದಿಡುವ ಕ್ರಮವಿದೆ. 'ಹಣವಿಲ್ಲ' ಎಂಬ ಉತ್ತರ ಬಂದಾಗ 'ಯಾವ ಲೆಕ್ಕಶೀರ್ಷಿಕೆಯಲ್ಲಿ ಇಲ್ಲ?' ಎಂದು ಕೇಳಬಲ್ಲವರ ಬೇಡಿಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ನಿಜಕ್ಕೂ ಹಣ ಕಡಿಮೆಯಿದ್ದರೆ ಯಾವ ವಾರ್ಡಿನ ಯಾವ ಕೆಲಸ ಮೊದಲು, ಯಾವ ಕಾರಣಕ್ಕೆ ಎಂಬ ಆದ್ಯತಾ ಪಟ್ಟಿ ಕೇಳಿ. ಅದು ಎಲ್ಲರಿಗೂ ನ್ಯಾಯದ ಬೇಡಿಕೆ.

7. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. 2005ರ ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿದರೆ 30 ದಿನದೊಳಗೆ ಮಾಹಿತಿ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. 'ಏಕೆ ಮಾಡಿಲ್ಲ?' ಎಂದು ಕೇಳಬೇಡಿ. ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ವಿವರಣೆಯನ್ನಲ್ಲ. 'ಇಂಥ ದಿನಾಂಕದ, ಇಂಥ ಸ್ವೀಕೃತಿ ಸಂಖ್ಯೆಯ ನನ್ನ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ' ಎಂದು ಕೇಳಿ. ಮುಗಿದ ಕಾಮಗಾರಿಯಾದರೆ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪ್ರತಿ, ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರರ ಮೇಲೆ ಎಷ್ಟು ಅವಧಿಯವರೆಗೆ ಇದೆ ಎಂಬ ಕರಾರಿನ ಪುಟ ಕೇಳಿ. ಕಿತ್ತುಹೋದ ಹೊಸ ರಸ್ತೆ ಆ ಅವಧಿಯೊಳಗೆ ಇದ್ದರೆ ದುರಸ್ತಿ ಖರ್ಚು ಗುತ್ತಿಗೆದಾರರದು. ಕಾಮಗಾರಿಯನ್ನು ಪರಿಶೀಲಿಸುವುದೂ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವುದೂ ಇದೇ ಕಾಯ್ದೆಯ ವ್ಯಾಖ್ಯೆಯೊಳಗೆ ಬರುತ್ತವೆ. ಉತ್ತರ ಸಿಗದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ನ್ಯಾಯ ಸಿಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

8. ಪತ್ರಿಕೆಗೆ ಹೋಗುವುದು ಇದಾದ ಮೇಲೆ. ಸ್ಥಳೀಯ ವರದಿಗಾರರಿಗೆ ಬರಿಯ ಫೋಟೊ ಕೊಟ್ಟರೆ ಒಂದು ಚಿತ್ರ, ನಾಲ್ಕು ಸಾಲು. ಅರ್ಜಿಯ ದಿನಾಂಕ, ಸ್ವೀಕೃತಿ ಸಂಖ್ಯೆ, ಬಂದ ಉತ್ತರ ಅಥವಾ ಬಾರದ ಉತ್ತರ, ಅಂದಾಜು ಪಟ್ಟಿಯ ಪ್ರತಿ ಕೊಟ್ಟರೆ ವರದಿಗಾರರು ಪೌರಾಯುಕ್ತರಿಗೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆ ಕೇಳಬಹುದು. ಸುದ್ದಿಯ ಶಕ್ತಿ ದೊಡ್ಡದು. ಆದರೆ ಅದು ತಳ್ಳಬೇಕಾದ ಕಡತವೊಂದು ಮೊದಲೇ ಇರಬೇಕು.

9. ಊರಿನ ಹಬ್ಬ ಉತ್ಸವಗಳನ್ನು ಬಳಸಿಕೊಳ್ಳಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆ ಹೊತ್ತಿಗೆ ರಸ್ತೆ, ನೀರು, ಶೌಚಾಲಯ, ಕಸದ ವ್ಯವಸ್ಥೆಯ ಬಗ್ಗೆ ಆಡಳಿತ ತಾನೇ ಪೂರ್ವಸಿದ್ಧತಾ ಸಭೆ ನಡೆಸುತ್ತದೆ. ಪ್ರತಿ ಊರಿನಲ್ಲೂ ಜಾತ್ರೆ, ರಥೋತ್ಸವ, ಗಣೇಶೋತ್ಸವ, ಉರುಸ್‌ಗಳಿಗೆ ಇಂಥ ಸಿದ್ಧತೆ ಇದ್ದೇ ಇರುತ್ತದೆ. ಅದಕ್ಕೊಂದು ಖಚಿತ ಗಡುವಿರುವುದರಿಂದ ನಿಮ್ಮ ಅರ್ಜಿ ಆ ಸಭೆಯ ಮುಂದೆ ಇದ್ದರೆ ಬೇಗ ಸಾಗುತ್ತದೆ. ಆದರೆ ಹಬ್ಬದ ಹಿಂದಿನ ವಾರ ಅವಸರದಲ್ಲಿ ಹಾಕಿದ ಡಾಂಬರು ಬಾಳುವುದಿಲ್ಲ, ಆದ್ದರಿಂದ ಮೂರು ನಾಲ್ಕು ತಿಂಗಳು ಮೊದಲೇ ಕೇಳಿ. ಉತ್ಸವಕ್ಕೆ ಸೇರುವ ಜನರಿಂದಲೇ ಸಹಿ ಸಂಗ್ರಹಿಸಬಹುದು, ವಾರ್ಡಿನ ಸಭೆಯೊಂದನ್ನು ಸಮುದಾಯ ಭವನದಲ್ಲಿ ಕರೆಯಬಹುದು.

ಸಾಮಾನ್ಯ ತಪ್ಪುಗಳು

ಮೊದಲನೆಯದು, ಕೈಗೆ ಸಿಕ್ಕವರ ಮೇಲೆ ಸಿಟ್ಟು ತೀರಿಸುವುದು. ಬೀದಿಯಲ್ಲಿ ನಮಗೆ ಕಾಣುವವರು ಪೌರಕಾರ್ಮಿಕರು, ವಾಲ್ವ್ ತಿರುಗಿಸುವವರು. ಕಸದ ವಾಹನ ಎಷ್ಟಿರಬೇಕು, ನೀರು ಎಷ್ಟು ಗಂಟೆ ಬಿಡಬೇಕು ಎಂದು ನಿರ್ಧರಿಸುವವರು ಅವರಲ್ಲ. ಅವರ ಫೋಟೊ ಹಂಚಿ ಬೈಯುವುದರಿಂದ ಅನ್ಯಾಯವಾಗುತ್ತದೆಯೇ ಹೊರತು ಪರಿಹಾರ ಸಿಗುವುದಿಲ್ಲ.

ಎರಡನೆಯದು, ಬಡವರನ್ನೇ ಸಮಸ್ಯೆ ಎಂದು ಭಾವಿಸುವುದು. ಫುಟ್‌ಪಾತ್ ತೆರವು ಮಾಡಿ ಎಂದು ಅರ್ಜಿ ಹಾಕುವ ಮುನ್ನ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಗಮನಿಸಿ. ಅದರಂತೆ ಸಮೀಕ್ಷೆ ನಡೆಯಬೇಕು, ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರ ಸದಸ್ಯರಲ್ಲಿ ಕನಿಷ್ಠ ಶೇಕಡಾ 40 ಬೀದಿ ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. 'ಸಮಿತಿ ಸಭೆ ಕರೆದು ವ್ಯಾಪಾರ ವಲಯ ಗುರುತಿಸಿ' ಎಂಬ ಬೇಡಿಕೆ ನಡೆಯುವವರಿಗೂ ವ್ಯಾಪಾರಿಗಳಿಗೂ ಒಳ್ಳೆಯದು, ಕಾನೂನಿಗೂ ಸರಿ.

ಮೂರನೆಯದು, ಒಮ್ಮೆ ಅರ್ಜಿ ಕೊಟ್ಟು ಸುಮ್ಮನಾಗುವುದು. ತಿಂಗಳಿಗೊಮ್ಮೆ ಹಿಂದಿನ ಸ್ವೀಕೃತಿ ಸಂಖ್ಯೆ ಉಲ್ಲೇಖಿಸಿ ನೆನಪೋಲೆ ಕೊಡಿ. ನಾಲ್ಕನೆಯದು, ಪರಿಶೀಲಿಸದೆ ಭ್ರಷ್ಟಾಚಾರದ ಆರೋಪ ಹರಿಯಬಿಡುವುದು. ದಾಖಲೆಯಲ್ಲಿ ಆಗದ ಕೆಲಸಕ್ಕೆ ಬಿಲ್ ಆಗಿದ್ದು ಕಂಡುಬಂದರೆ ಪ್ರಮಾಣಪತ್ರದೊಂದಿಗೆ ಲೋಕಾಯುಕ್ತಕ್ಕೆ ದೂರು ಕೊಡುವ ದಾರಿ 1984ರ ಕಾಯ್ದೆಯಲ್ಲಿದೆ. ದಾಖಲೆ ಇಲ್ಲದ ಆರೋಪ ನಿಮ್ಮ ನ್ಯಾಯವಾದ ಬೇಡಿಕೆಯನ್ನೂ ಹಗುರ ಮಾಡುತ್ತದೆ. ಐದನೆಯದು, ಹೋರಾಟಕ್ಕೆ ಪಕ್ಷದ ಬಣ್ಣ ಬಳಿಯುವುದು. ಒಂದು ಪಕ್ಷದ ಕೆಲಸವಾಗಿ ಕಂಡ ಕೂಡಲೇ ಇನ್ನೊಂದು ಪಕ್ಷದ ಸದಸ್ಯರಿಗೆ ಸಭೆಯಲ್ಲಿ ಅದನ್ನು ವಿರೋಧಿಸಲು ಕಾರಣ ಸಿಕ್ಕಂತೆ.

ಇದಕ್ಕೆಲ್ಲ ಸಮಯ ಯಾರಿಗಿದೆ?

ಇದು ನಿವೃತ್ತರ, ಓದುಬರಹ ಬಲ್ಲವರ ಕೆಲಸ, ಕೂಲಿಗೆ ಹೋಗುವವರು ಕಚೇರಿ ಅಲೆಯಲಾರರು ಎಂಬುದು ಗಟ್ಟಿಯಾದ ಆಕ್ಷೇಪ. ನಿಜ, ಒಂದು ದಿನ ಕಚೇರಿಯಲ್ಲಿ ಕಾದರೆ ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ಈ ಕೆಲಸವನ್ನು ಒಬ್ಬೊಬ್ಬರೇ ಮಾಡಬಾರದು. ಪ್ರತಿ ವಾರ್ಡಿನಲ್ಲಿ ಐದಾರು ಜನ ಸೇರಿ ಹಂಚಿಕೊಳ್ಳಿ: ಒಬ್ಬರು ಬರೆಯಲಿ, ಒಬ್ಬರು ಟಪಾಲಿಗೆ ಕೊಟ್ಟು ಬರಲಿ, ಒಬ್ಬರು ಸಭೆಯ ದಿನಾಂಕ ವಿಚಾರಿಸಲಿ, ಒಬ್ಬರು ಎಲ್ಲ ಪ್ರತಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿಡಲಿ. ಬಿಡುವು ಇರುವವರು ಮೊದಲ ಅರ್ಜಿಯನ್ನು ತಮ್ಮ ಬೀದಿಗಾಗಿ ಅಲ್ಲ, ವಾರ್ಡಿನ ಅತಿ ಹಿಂದುಳಿದ ಬೀದಿಗಾಗಿ ಬರೆದರೆ ಆ ಗುಂಪಿನ ಮಾತಿಗೆ ಊರಿನಲ್ಲಿ ಬೇರೆಯೇ ತೂಕ ಬರುತ್ತದೆ.

ಅಧಿಕಾರಿಗಳು ಹಗೆ ಸಾಧಿಸಿಯಾರು ಎಂಬ ಅಂಜಿಕೆಗೂ ಉತ್ತರ ಈ ಸಾಮೂಹಿಕ ಸಹಿಯಲ್ಲೇ ಇದೆ. ಒಬ್ಬರ ಖಾತೆ ಅರ್ಜಿಯನ್ನು ತಡೆಹಿಡಿಯುವುದು ಸುಲಭ, ಎಂಬತ್ತು ಜನರದನ್ನು ತಡೆಹಿಡಿಯುವುದು ಕಷ್ಟ. ಕೆಲಸ ಮಾಡಬೇಕೆಂಬ ಮನಸ್ಸಿರುವ ಅಧಿಕಾರಿಗೂ ಸದಸ್ಯರಿಗೂ ಇಂಥ ಅರ್ಜಿ ನೆರವಾಗುತ್ತದೆ. ಪ್ರಭಾವಿಗಳ ಬಡಾವಣೆಗೆ ಹೋಗಬೇಕಿದ್ದ ಹಣವನ್ನು ನಿಜವಾಗಿ ಬೇಕಾದ ಕಡೆ ತಿರುಗಿಸಲು ಅವರಿಗೂ ಕಡತದಲ್ಲಿ ಒಂದು ಆಧಾರ ಬೇಕಿರುತ್ತದೆ.

ಎಲ್ಲ ಅರ್ಜಿಯೂ ಗೆಲ್ಲುವುದಿಲ್ಲ. ಕೆಲವಕ್ಕೆ ಎರಡು ಬಜೆಟ್ ಕಾಯಬೇಕಾಗಬಹುದು, ಕೆಲವು ತಾಂತ್ರಿಕ ಕಾರಣಕ್ಕೆ ನಿಜವಾಗಿಯೂ ಸಾಧ್ಯವಾಗದಿರಬಹುದು. ಆಗಲೂ 'ಆಗುವುದಿಲ್ಲ, ಈ ಕಾರಣಕ್ಕೆ' ಎಂಬ ಲಿಖಿತ ಉತ್ತರ ನಿಮ್ಮ ಕೈಯಲ್ಲಿದ್ದರೆ ಆ ಕಾರಣವನ್ನು ಪ್ರಶ್ನಿಸಬಹುದು, ಬೇರೆ ದಾರಿ ಕೇಳಬಹುದು. ಈ ತಿಂಗಳು ನಿಮ್ಮ ವಾರ್ಡಿನ ಒಂದೇ ಒಂದು ಸಮಸ್ಯೆ ಆರಿಸಿಕೊಳ್ಳಿ, ಅದು ಯಾರ ಹೊಣೆ ಎಂದು ವಿಚಾರಿಸಿ, ಒಂದು ಪುಟದ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಮುಂದಿನ ಬಜೆಟ್ ಪೂರ್ವಭಾವಿ ಸಭೆಗೆ ಆ ಸ್ವೀಕೃತಿ ಪ್ರತಿಯನ್ನು ಹಿಡಿದು, ನೆರೆಹೊರೆಯ ನಾಲ್ವರನ್ನೂ ಕರೆದುಕೊಂಡು ಹೋಗಿ.